ಒಬ್ಬರದ್ದೇ 300 ಜಾಬ್, ಉಳಿದವರೆಲ್ಲ ಕಾಯುತ್ತಿದ್ದಾರೆ: ವಿಭಾಗದ ಕ್ಲಸ್ಟರ್ ನ್ಯಾಯವಾಗಿ ಹಂಚೋದು ಹೇಗೆ?

ತುಂಗೆ ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳು) ನೋಡಿಕೊಳ್ಳುತ್ತೇನೆ. ಗುತ್ತಿಗೆ ಕೆಲಸ, ಇದು ಎರಡನೇ ವರ್ಷ. 12 ನೋಡ್ (ಕಂಪ್ಯೂಟರ್) ಇವೆ, ಒಂದೊಂದರಲ್ಲಿ 40 ಕೋರ್. ನಮ್ಮ ಮೂರು ಗುಂಪು, ರಸಾಯನಶಾಸ್ತ್ರದ ಒಂದು ಗುಂಪು ಬಳಸುತ್ತವೆ. ಜಾಸ್ತಿ ಓಡೋದು ಕ್ವಾಂಟಮ್ ಎಸ್ಪ್ರೆಸೊ ಮತ್ತು ಗ್ರೋಮ್ಯಾಕ್ಸ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗಳು. ಯಾವ ಜಾಬ್ (ಓಡಿಸಲು ಕೊಟ್ಟ ಲೆಕ್ಕ) ಯಾವಾಗ ಓಡಬೇಕು ಅಂತ ನಿರ್ಧರಿಸೋ ಶೆಡ್ಯೂಲರ್ ಸ್ಲರ್ಮ್. ಹಿಂದೆ ಇದ್ದವರು ಮೊದಲು ಬಂದವರಿಗೆ ಮೊದಲು ಅನ್ನೋ ಹಾಗೆ ಇಟ್ಟು ಹೋಗಿದ್ದಾರೆ.

ಕಳೆದ ಶುಕ್ರವಾರ ಸಂಜೆ ಒಬ್ಬ ಹುಡುಗ 300 ಜಾಬ್ ಹಾಕಿ ಊರಿಗೆ ಹೋದ. ಅವನದು ತಪ್ಪಲ್ಲ, ಹಾಕಬೇಡ ಅಂತ ಯಾರೂ ಹೇಳಿರಲಿಲ್ಲ. ಆದರೆ ಇನ್ನೊಂದು ಗುಂಪಿನ ಹುಡುಗಿ ಮೂರು ವಾರದಲ್ಲಿ ಥೀಸಿಸ್ ಕೊಡಬೇಕು. ಅವಳ ಒಂದೇ ಒಂದು ಜಾಬ್ ಬುಧವಾರದವರೆಗೂ ಕ್ಯೂನಲ್ಲೇ ಇತ್ತು. ಸೋಮವಾರ ನನ್ನ ಮೇಜಿನ ಹತ್ತಿರ ಬಂದು ಏನೂ ಹೇಳದೆ ನಿಂತಳು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. 12ರಲ್ಲಿ 5 ನೋಡ್ ಒಬ್ಬ ಪ್ರೊಫೆಸರ್ ಅವರ ಪ್ರಾಜೆಕ್ಟ್ ದುಡ್ಡಿನಲ್ಲಿ ಬಂದವು. ಅವನ್ನು ತಮ್ಮ ಹುಡುಗರಿಗೆ ಮಾತ್ರ ಬಿಡಿ ಅಂತ ಕೇಳುತ್ತಿದ್ದಾರೆ. ಕೇಳೋದರಲ್ಲಿ ನ್ಯಾಯ ಇದೆ. ಆದರೆ ಹಾಗೆ ಬಿಟ್ಟರೆ ಎಷ್ಟೋ ದಿನ ಆ ಐದೂ ಖಾಲಿ ಇರುತ್ತವೆ. ಖಾಲಿ ನೋಡ್ ಪಕ್ಕದಲ್ಲೇ ಉದ್ದ ಕ್ಯೂ ನೋಡೋಕೆ ಕಷ್ಟ ಆಗುತ್ತೆ. ಏನು ಮಾಡಲಿ?

ಹಳೇ ಸರ್ವರ್ ಉತ್ತರ:

ಮೇಡಂ, ನಾನು 14 ವರ್ಷ ಇದೇ ಕೆಲಸ ಮಾಡಿದ್ದೇನೆ. ಆ ಹುಡುಗಿ ಬಂದು ನಿಂತದ್ದು ಓದಿ ನನಗೆ ನಮ್ಮವರು ಎಷ್ಟೋ ಜನ ನೆನಪಾದರು.

ಮೊದಲು ಫೇರ್‌ಶೇರ್ ಚಾಲೂ ಮಾಡಿ. ಪ್ರತಿ ಗುಂಪಿಗೂ ಒಂದು ಅಕೌಂಟ್, ಅದರ ಕೆಳಗೆ ವಿದ್ಯಾರ್ಥಿಗಳು. ಇತ್ತೀಚೆಗೆ ಜಾಸ್ತಿ ಬಳಸಿದವರ ಜಾಬ್ ಹಿಂದೆ ಸರಿಯುತ್ತೆ, ಕಡಿಮೆ ಬಳಸಿದವರದು ಮುಂದೆ ಬರುತ್ತೆ. ಒಂದು ಮಾತು ನೆನಪಿಡಿ: ಸ್ಲರ್ಮ್‌ನಲ್ಲಿ ಫೇರ್‌ಶೇರ್ ತೂಕ (ಯಾರ ಜಾಬ್ ಮುಂದೆ ಅನ್ನೋ ಲೆಕ್ಕದಲ್ಲಿ ಅದಕ್ಕೆ ಕೊಡೋ ಬೆಲೆ) ಮೊದಲಿಗೆ ಸೊನ್ನೆ ಇರುತ್ತೆ. ಅಕೌಂಟ್ ಎಲ್ಲಾ ಮಾಡಿ ತೂಕ ಕೊಡದಿದ್ದರೆ ಏನೂ ಬದಲಾಗಲ್ಲ. ನಾನು ಎರಡು ತಿಂಗಳು ಇದು ಗೊತ್ತಿಲ್ಲದೆ ಕಳೆದೆ. ಹಳೇ ಬಳಕೆಯ ಲೆಕ್ಕ ಅರ್ಧಕ್ಕೆ ಇಳಿಯೋ ಅವಧಿ ತಾನಾಗೇ ಏಳು ದಿನ ಇರುತ್ತೆ. ನಾನು 14 ಮಾಡಿದ್ದೆ, ಯಾಕೆಂದರೆ ನಮ್ಮವರ ಕೆಲಸ ಅಲೆ ಅಲೆಯಾಗಿ ಬರುತ್ತಿತ್ತು.

ಇದಕ್ಕಿಂತ ದೊಡ್ಡದು ಟೈಮ್ ಲಿಮಿಟ್, ಅಂದರೆ ಜಾಬ್‌ಗೆ ಎಷ್ಟು ಹೊತ್ತು ಬೇಕು ಅಂತ ಸ್ಕ್ರಿಪ್ಟ್‌ನಲ್ಲಿ ಬರೆಯೋದು. ನಿಮ್ಮಲ್ಲಿ ಎಲ್ಲರೂ ಏಳು ದಿನ ಅಂತಲೇ ಬರೀತಾರೆ, ಅಲ್ವಾ? ಒಬ್ಬರ ಸ್ಕ್ರಿಪ್ಟ್ ಇನ್ನೊಬ್ಬರು ಕಾಪಿ ಮಾಡಿ ಮಾಡಿ ಅದೇ ಉಳಿದುಬಿಡುತ್ತೆ. ದರ್ಶಿನಿಯಲ್ಲ, ಕೂತು ತಿನ್ನೋ ಹೋಟೆಲ್ ನೆನಪಿಸಿಕೊಳ್ಳಿ. ಎಂಟು ಜನರ ಕುಟುಂಬ ಕಾಯುತ್ತಿದೆ. ಅವರಿಗೆ ಅಕ್ಕಪಕ್ಕದ ಎರಡು ಟೇಬಲ್ ಬೇಕು. ಒಂದು ಖಾಲಿ ಇದೆ, ಇನ್ನೊಂದು ಅರ್ಧ ಗಂಟೆಗೆ ಖಾಲಿ ಆಗುತ್ತೆ. ಅಷ್ಟರಲ್ಲಿ ಒಬ್ಬರು ಬಂದು "ಒಂದು ಕಾಫಿ, ಹತ್ತು ನಿಮಿಷ" ಅಂದರೆ ಖಾಲಿ ಟೇಬಲ್ಲಿಗೆ ಕೂರಿಸಬಹುದು, ಕುಟುಂಬಕ್ಕೆ ತಡ ಆಗಲ್ಲ. ಬ್ಯಾಕ್‌ಫಿಲ್ ಅಂದರೆ ಇಷ್ಟೇ. ಆದರೆ ಕಾಫಿಗೆ ಬಂದವರೂ "ಏಳು ದಿನ ಕೂರ್ತೀನಿ" ಅಂದರೆ ಯಾರೂ ಕೂರಿಸಲ್ಲ. ಸ್ಲರ್ಮ್‌ನ sacct ಕಮಾಂಡ್‌ನಲ್ಲಿ ಕೇಳಿದ ಸಮಯ, ನಿಜವಾಗಿ ಓಡಿದ ಸಮಯ ಎರಡನ್ನೂ ಪಕ್ಕಪಕ್ಕ ತೆಗೆದು ನೋಡಿ. ನಾವು ನೋಡಿದಾಗ ಒಬ್ಬಳು 40 ನಿಮಿಷದ ಜಾಬ್‌ಗೆ ಏಳು ದಿನ ಕೇಳಿ ಆರು ದಿನ ಕಾದಿದ್ದಳು. ಆ ಪಟ್ಟಿಯನ್ನು ಅವಳ ಜೊತೆ ಕೂತು ನೋಡಿದೆ. ಮುಂದಿನ ಜಾಬ್‌ಗೆ ಎರಡು ಗಂಟೆ ಬರೆದಳು, ಅದೇ ಸಂಜೆ ಶುರುವಾಯಿತು. ಆಮೇಲೆ ನಾನು ಯಾರಿಗೂ ಹೇಳಬೇಕಾಗಲಿಲ್ಲ, ಅವಳೇ ಎಲ್ಲರಿಗೂ ಹೇಳಿದಳು. ಏನೂ ಬರೆಯದಿದ್ದರೆ ಒಂದು ಗಂಟೆ, ಗರಿಷ್ಠ ಮೂರು ದಿನ ಅಂತ ಇಡಿ.

ಪ್ರೊಫೆಸರ್ ಅವರ ಐದು ನೋಡ್ ಬಗ್ಗೆ: ಬೀಗ ಹಾಕಬೇಡಿ. ಅದೇ ನೋಡ್‌ಗಳ ಮೇಲೆ ಎರಡು ಪಾರ್ಟಿಷನ್ (ಬೇರೆ ಬೇರೆ ಕ್ಯೂ) ಮಾಡಿ. ಅವರ ಹುಡುಗರದು ಮೇಲಿನದು. ಉಳಿದವರು ಖಾಲಿ ಇದ್ದಾಗ ಬಳಸಬಹುದು, ಆದರೆ ಒಡೆಯರ ಜಾಬ್ ಬಂದ ತಕ್ಷಣ ಇವರದು ನಿಂತು ಮತ್ತೆ ಕ್ಯೂಗೆ ಹೋಗುತ್ತೆ. ಎರವಲು ನೋಡ್‌ಗೆ ಗ್ರೋಮ್ಯಾಕ್ಸ್ ಮಾತ್ರ ಕಳಿಸಿ. ಅದು ತಾನಾಗೇ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ (ಅಲ್ಲಿವರೆಗಿನ ಸ್ಥಿತಿ) ಬರೆಯುತ್ತೆ, ನಿಂತಲ್ಲಿಂದ ಮುಂದುವರಿಸಬಹುದು. ಎಸ್ಪ್ರೆಸೊ ಮಧ್ಯದಲ್ಲಿ ಕಡಿದರೆ ಹಾಗಲ್ಲ. ಅದಕ್ಕೆ ಮ್ಯಾಕ್ಸ್ ಸೆಕೆಂಡ್ಸ್ ಕೊಟ್ಟು ಟೈಮ್ ಲಿಮಿಟ್‌ಗೆ ಸ್ವಲ್ಪ ಮುಂಚೆ ತಾನೇ ನಿಲ್ಲೋ ಹಾಗೆ ಮಾಡಬೇಕು, ಅದು ಸಾಮಾನ್ಯ ಕ್ಯೂನಲ್ಲೇ ಇರಲಿ.

ಇದನ್ನೆಲ್ಲ ನೀವೊಬ್ಬರೇ ತೀರ್ಮಾನ ಮಾಡಬೇಡಿ. ನಾಲ್ಕೂ ಗುಂಪಿನವರನ್ನು ಕೂರಿಸಿ, ಒಂದು ಪುಟದಲ್ಲಿ ಬರೆದು, ಎಲ್ಲರ ಸಹಿ ತಗೊಳ್ಳಿ. ಗುತ್ತಿಗೆಯಲ್ಲಿರುವವರ ಮೇಲೆ ಎಲ್ಲರ ಸಿಟ್ಟೂ ಬೀಳಬಾರದು.

ಕಲಬುರಗಿ ಬಿಸಿಲು ಉತ್ತರ:

ಕ್ಯೂ ಬಗ್ಗೆ ಸರ್ ಹೇಳಿದ್ದು ಸಾಕು. ನಾನು ಒಂದೇ ಕೇಳ್ತೀನಿ: ನಿಮ್ಮ ಎಸಿ ಜನರೇಟರ್ ಲೈನ್‌ನಲ್ಲಿ ಇದೆಯಾ? ನಮ್ಮಲ್ಲಿ ಮೇ ತಿಂಗಳ ಒಂದು ಭಾನುವಾರ ಕರೆಂಟ್ ಹೋಯಿತು. ಸರ್ವರ್‌ಗೆ ಯುಪಿಎಸ್, ಜನರೇಟರ್ ಎಲ್ಲಾ ಇತ್ತು. ಎಸಿಗೆ ಇರಲಿಲ್ಲ. ನೋಡ್‌ಗಳು ಪೂರ್ತಿ ಓಡುತ್ತಲೇ ಇದ್ದವು, ರೂಮ್ ಕಾದು ಕುಲುಮೆ ಆಯಿತು. ಎರಡು ಡಿಸ್ಕ್ ಹೋದವು, ಒಬ್ಬರ ನಾಲ್ಕು ತಿಂಗಳ ಕೆಲಸ ಅದರ ಜೊತೆಗೆ ಹೋಯಿತು. ಯಂತ್ರದ ಒಳಗೆ ಹೋಗೋ ಗಾಳಿ 18ರಿಂದ 27 ಡಿಗ್ರಿ ಒಳಗೆ ಇರಬೇಕು. ಈಗ ಒಂದು ಸಣ್ಣ ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ನೋಡುತ್ತೆ. 32 ದಾಟಿದರೆ ಹೊಸ ಜಾಬ್ ನಿಲ್ಲುತ್ತೆ, 38 ದಾಟಿದರೆ ನೋಡ್‌ಗಳು ಒಂದೊಂದಾಗಿ ಆಫ್ ಆಗುತ್ತವೆ, ನನಗೆ ಎಸ್‌ಎಂಎಸ್ ಬರುತ್ತೆ. ಮತ್ತೆ, ರೇಡ್ (ಒಂದು ಡಿಸ್ಕ್ ಹೋದರೂ ಕೆಲಸ ನಡೆಯೋ ಹಾಗೆ ಹಲವು ಡಿಸ್ಕ್ ಜೋಡಿಸೋದು) ಇದೆ ಅಂತ ಬ್ಯಾಕಪ್ ಬಿಡಬೇಡಿ. ರೇಡ್ ಬ್ಯಾಕಪ್ ಅಲ್ಲ.

ಐದನೇ ವರ್ಷ ಉತ್ತರ:

ನಾನು ಕ್ಯೂನಲ್ಲಿ ಕಾಯೋ ಕಡೆಯವಳು. ಎಂಪಿಐ ಜಾಬ್‌ನಲ್ಲಿ (ಒಂದೇ ಲೆಕ್ಕವನ್ನು ಹಲವು ಪ್ರೋಸೆಸ್‌ಗೆ ಹಂಚಿ ಓಡಿಸೋದು) ಥ್ರೆಡ್ (ಒಂದು ಪ್ರೋಸೆಸ್ ಒಳಗಿನ ಕೆಲಸದ ಎಳೆ) ಸಂಖ್ಯೆ ಒಂದು ಅಂತ ಬರೆಯದೆ 40 ಪ್ರೋಸೆಸ್ ಒಂದೊಂದೂ 40 ಥ್ರೆಡ್ ಶುರು ಮಾಡುತ್ತಿದ್ದವು. 40 ಕೋರ್ ಮೇಲೆ 1600 ಥ್ರೆಡ್. ಒಂದು ವರ್ಷ ಯಂತ್ರವೇ ನಿಧಾನ ಅಂದುಕೊಂಡಿದ್ದೆ. ನಮ್ಮ ಅಡ್ಮಿನ್ ಅಕ್ಕ ಒಂದು ದಿನ ಪಕ್ಕದಲ್ಲಿ ಕೂತು ತೋರಿಸಿದ ಮೇಲೆ ಗೊತ್ತಾಯಿತು. ಸೆಮಿಸ್ಟರ್ ಶುರುವಿನಲ್ಲಿ ಹೊಸಬರಿಗೆ ಒಂದು ಮಧ್ಯಾಹ್ನ ಕೊಡಿ, ಸರಿಯಾದ ಸ್ಕ್ರಿಪ್ಟ್ ನಾಲ್ಕು ಬರೆದಿಟ್ಟುಬಿಡಿ. ನಾವು ಹೇಗಿದ್ದರೂ ಕಾಪಿ ಮಾಡ್ತೀವಿ.

ತುಂಗೆ ದಡದವಳು ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುರುವಾರ ಮೀಟಿಂಗ್ ಆಯಿತು. ಪ್ರೊಫೆಸರ್ ಅವರು ಎರಡು ಪಾರ್ಟಿಷನ್‌ಗೆ ಒಪ್ಪಿದರು. ತಮ್ಮ ಜಾಬ್ ಬಂದರೆ ತಕ್ಷಣ ಜಾಗ ಸಿಗುತ್ತೆ ಅಂತ ಬರೆದು ಕೊಡಿ ಅಂದರು, ಕೊಟ್ಟೆ. ಫೇರ್‌ಶೇರ್ ತೂಕ ನಮ್ಮಲ್ಲೂ ಸೊನ್ನೆಯೇ ಇತ್ತು! 300 ಜಾಬ್ ಹಾಕಿದ್ದ ಹುಡುಗನ ಜೊತೆ ಕೂತು ನೋಡಿದೆ, ಒಂದೂ ಐದು ಗಂಟೆ ದಾಟಿರಲಿಲ್ಲ. ಈಗ ಅವನೇ ಆರು ಗಂಟೆ ಅಂತ ಬರೆಯುತ್ತಾನೆ.

ಥೀಸಿಸ್ ಹುಡುಗಿಯ ಕೊನೆಯ ಎರಡು ಜಾಬ್ ನಿನ್ನೆ ರಾತ್ರಿ ಶುರುವಾದವು. ಎಸಿ ಜನರೇಟರ್ ಲೈನ್‌ನಲ್ಲಿ ಇರಲಿಲ್ಲ, ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾರೆ. ಕಲಬುರಗಿಯವರೇ, ಆ ಸ್ಕ್ರಿಪ್ಟ್ ಇಲ್ಲಿ ಹಾಕ್ತೀರಾ?