ಹೊಸ ಡೆಸ್ಕ್‌ಟಾಪ್ ವಿಪರೀತ ಸದ್ದು ಮಾಡುತ್ತಿದೆ, ಸ್ಪೀಡ್ ಕಮ್ಮಿಯಾಗದ ಹಾಗೆ ಸದ್ದು ಇಳಿಸಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರಾತ್ರಿ ಊಟ ಆದಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠದ ವಿಡಿಯೊ ಮಾಡುತ್ತೇನೆ. ಹಳೇ ಲ್ಯಾಪ್‌ಟಾಪ್‌ನಲ್ಲಿ 20 ನಿಮಿಷದ ಪಾಠ ಎಕ್ಸ್‌ಪೋರ್ಟ್ ಆಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅದಕ್ಕೇ ಎರಡು ವರ್ಷ ದುಡ್ಡು ಕೂಡಿಟ್ಟು, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸದು ಅಸೆಂಬಲ್ ಮಾಡಿಸಿಕೊಂಡು ಬಂದೆ. ಕೋರ್ ಐ7-14700 ಪ್ರೊಸೆಸರ್, 32 ಜಿಬಿ ಡಿಡಿಆರ್5 ರ‍್ಯಾಮ್ (ಪ್ಯಾಕೆಟ್ ಮೇಲೆ 6000 ಅಂತ ಇದೆ), 1 ಟಿಬಿ ಎನ್‌ವಿಎಂಇ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಹಾಕಿಸಿಲ್ಲ. ಪ್ರೊಸೆಸರನ್ನು ತಂಪಾಗಿಡುವ ಫ್ಯಾನ್ (ಕೂಲರ್) ಅದರ ಡಬ್ಬದಲ್ಲೇ ಬಂದದ್ದು.

ಕೆಲಸ ಬೇಗ ಆಗುತ್ತಿದೆ, ಅದರಲ್ಲಿ ದೂರಿಲ್ಲ. ಆದರೆ ಸದ್ದು! ಬ್ರೌಸರಿನಲ್ಲಿ ಒಂದು ಪುಟ ತೆರೆದರೂ ಫ್ಯಾನ್ ಸುಂಯ್ ಅಂತ ಏರುತ್ತದೆ, ಎರಡು ಸೆಕೆಂಡಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎಕ್ಸ್‌ಪೋರ್ಟ್‌ಗೆ ಹಾಕಿದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆ ಎದ್ದು ಬರುತ್ತಾರೆ. ಪಾಠ ರೆಕಾರ್ಡ್ ಮಾಡುವಾಗಲೂ ಮೈಕಿಗೆ ಪೂರಾ ಕೇಳಿಸುತ್ತದೆ. ಮೊನ್ನೆ ಒಬ್ಬ ಹುಡುಗ "ಮಿಸ್, ನೀವು ಪಾಠ ಮಾಡುವಾಗ ಹಿಂದೆ ಮಿಕ್ಸಿ ಓಡ್ತಿತ್ತಾ" ಅಂತ ಕೇಳಿದ. ಬೇಜಾರಾಯಿತು. ಟೆಂಪರೇಚರ್ ನೋಡಿದೆ, ಎಕ್ಸ್‌ಪೋರ್ಟ್ ಶುರುವಾಗಿ ಹತ್ತು ಸೆಕೆಂಡಿಗೆಲ್ಲ 100 ಡಿಗ್ರಿ. ಅಂಗಡಿಗೆ ಫೋನ್ ಮಾಡಿದರೆ "ಈ ಪ್ರೊಸೆಸರ್ ಹಾಗೇ ಮೇಡಂ, ಲಿಕ್ವಿಡ್ ಕೂಲರ್ ಹಾಕಿಸಿ" ಅಂದರು. ಮತ್ತೆ ಹತ್ತು ಸಾವಿರ ಹಾಕುವ ಶಕ್ತಿ ಸದ್ಯಕ್ಕಿಲ್ಲ. ಏನಾದರೂ ದಾರಿ ಇದೆಯಾ?

ಉತ್ತರ 1

ಮೇಡಂ, ಈಗಲೇ ಏನನ್ನೂ ಕೊಳ್ಳಬೇಡಿ. ಆ ಪ್ರೊಸೆಸರ್ ಡಬ್ಬದ ಮೇಲೆ 65 ವ್ಯಾಟ್ ಅಂತ ಇರುತ್ತದೆ, ಅದು ಬೇಸ್ ಪವರ್ ಮಾತ್ರ. ಟರ್ಬೊದಲ್ಲಿ, ಅಂದರೆ ಪೂರ್ತಿ ಸ್ಪೀಡಿನಲ್ಲಿ ಓಡುವಾಗ, ಅದು 219 ವ್ಯಾಟ್‌ವರೆಗೆ ಎಳೆಯಬಹುದು. ಸ್ವಲ್ಪ ಹೊತ್ತು ಜಾಸ್ತಿ ಎಳೆದು, ಆಮೇಲೆ 65ಕ್ಕೆ ಇಳಿಯಬೇಕು ಅನ್ನೋದು ಲೆಕ್ಕ. ಆದರೆ ಎಷ್ಟೋ ಮದರ್‌ಬೋರ್ಡುಗಳು ಆ ಮಿತಿಯನ್ನು ತಾವೇ ತೆಗೆದುಹಾಕಿರುತ್ತವೆ. ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಪಿಎಲ್1, ಪಿಎಲ್2 ಅಂತ ಇರೋದನ್ನು ನೋಡಿ, ಅವೇ ಹೆಚ್ಚು ಹೊತ್ತಿನ ಮತ್ತು ಸ್ವಲ್ಪ ಹೊತ್ತಿನ ವ್ಯಾಟ್ ಮಿತಿಗಳು. ಅಲ್ಲಿ 4000ಕ್ಕೂ ಮೇಲಿನ ಸಂಖ್ಯೆ ಕಂಡರೆ ಮಿತಿಯೇ ಇಲ್ಲ ಅಂತ ಅರ್ಥ.

ಈಗ ಯೋಚಿಸಿ. ಡಬ್ಬದ ಕೂಲರ್ ಅಂಗೈಯಗಲದ ಚಿಕ್ಕದು. ಅದಕ್ಕೆ 200 ವ್ಯಾಟ್ ಶಾಖ ಹೊರಹಾಕಲು ಆಗೋದೇ ಇಲ್ಲ. ಹಾಗಾಗಿ 100 ಡಿಗ್ರಿ ಮುಟ್ಟಿದ ತಕ್ಷಣ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಅಂದರೆ ನಿಮಗೆ ಈಗ ಪೂರ್ತಿ ಸ್ಪೀಡೂ ಸಿಗುತ್ತಿಲ್ಲ, ಸದ್ದು ಮಾತ್ರ ಪೂರ್ತಿ ಸಿಗುತ್ತಿದೆ. ಪಿಎಲ್1, ಪಿಎಲ್2 ಎರಡನ್ನೂ 90ಕ್ಕೆ ಇಟ್ಟು ನೋಡಿ. ಕೊನೆಯ ಒಂದಿಷ್ಟು ಸ್ಪೀಡಿಗೋಸ್ಕರವೇ ಈ ಪ್ರೊಸೆಸರ್‌ಗಳು ದುಪ್ಪಟ್ಟು ಕರೆಂಟ್ ಎಳೆಯೋದು. ಅದನ್ನು ಬಿಟ್ಟುಕೊಟ್ಟರೆ ಎಕ್ಸ್‌ಪೋರ್ಟ್‌ನಲ್ಲಿ ಜಾಸ್ತಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು. ಬಯಾಸ್‌ನಲ್ಲಿ ಏನನ್ನೂ ಮುಟ್ಟುವ ಮೊದಲು ಅದನ್ನು ಅಪ್‌ಡೇಟ್ ಮಾಡಿಬಿಡಿ. 13 ಮತ್ತು 14ನೇ ತಲೆಮಾರಿನ ಈ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಹಾಳಾಗುವ ಸಮಸ್ಯೆ ಇತ್ತು. ಅದಕ್ಕೆ ಇಂಟೆಲ್ 2024ರ ಆಗಸ್ಟ್‌ನಿಂದ ಬಯಾಸ್ ಅಪ್‌ಡೇಟ್ ಜೊತೆ ಬರುವ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಕೊಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದೆ. ಇದು ಸದ್ದಿಗೆ ಸಂಬಂಧಿಸಿದ್ದಲ್ಲ, ಆದರೂ ಮಾಡಲೇಬೇಕು. ಅಪ್‌ಡೇಟ್ ಆದರೆ ಹಳೇ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಅದಕ್ಕೇ ಮೊದಲು ಅಂದದ್ದು. ಮಧ್ಯದಲ್ಲಿ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಮಾತ್ರ ಕೈಹಾಕಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಏರಿಳಿತದ ಸದ್ದು ಪವರ್ ಇಳಿಸಿದರೂ ಪೂರ್ತಿ ಹೋಗುವುದಿಲ್ಲ. ನನ್ನ ಅನುಭವದಲ್ಲಿ ಕಿವಿಗೆ ತೊಂದರೆ ಕೊಡೋದು ಜೋರು ಸದ್ದಿಗಿಂತ ಬದಲಾಗುತ್ತಲೇ ಇರುವ ಸದ್ದು. ಸೀಲಿಂಗ್ ಫ್ಯಾನ್ ರಾತ್ರಿಯಿಡೀ ತಿರುಗಿದರೂ ನಿದ್ದೆ ಬರುತ್ತದೆ ಅಲ್ವಾ? ಅದೇ ಫ್ಯಾನ್ ನಿಮಿಷಕ್ಕೊಮ್ಮೆ ಐದಕ್ಕೂ ಒಂದಕ್ಕೂ ಓಡಾಡಿದರೆ ಮಲಗಲು ಆಗುತ್ತದಾ?

ಬಯಾಸ್‌ನಲ್ಲಿ ಫ್ಯಾನ್ ಕರ್ವ್ ಅಂತ ಇರುತ್ತದೆ, ಎಷ್ಟು ಶಾಖಕ್ಕೆ ಫ್ಯಾನ್ ಎಷ್ಟು ಓಡಬೇಕು ಅನ್ನೋ ಗೆರೆ. 70 ಡಿಗ್ರಿವರೆಗೆ ಗೆರೆಯನ್ನು ಚಪ್ಪಟೆ ಮಾಡಿ, ಫ್ಯಾನ್ 35-40 ಶೇಕಡದಲ್ಲೇ ನಿಲ್ಲಲಿ. 70ರಿಂದ 90ರವರೆಗೆ ನಿಧಾನಕ್ಕೆ ಏರಿಸಿ. ಅಲ್ಲೇ ಸ್ಟೆಪ್-ಅಪ್ ಟೈಮ್ ಅಂತಲೋ ಅದೇ ತರಹದ ಇನ್ನೊಂದು ಹೆಸರಿನಲ್ಲೋ ಒಂದು ಆಯ್ಕೆ ಇರುತ್ತದೆ, ಶಾಖ ಏರಿದ ಮೇಲೆ ಫ್ಯಾನ್ ಎಷ್ಟು ನಿಧಾನಕ್ಕೆ ಏರಬೇಕು ಅನ್ನೋದು, ಅದನ್ನು ಆದಷ್ಟು ಹೆಚ್ಚಿಡಿ. ಪುಟ ತೆರೆದಾಗ ಒಂದು ಕ್ಷಣ 75 ಮುಟ್ಟಿ ಇಳಿಯುವ ಶಾಖಕ್ಕೆ ಫ್ಯಾನ್ ಓಡಬೇಕಾದ್ದೇ ಇಲ್ಲ, ಅಷ್ಟನ್ನು ಲೋಹವೇ ಹೀರಿಕೊಳ್ಳುತ್ತದೆ. ಫ್ಯಾನಿನ ಸ್ಪೀಡ್ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧ ಆದ ಹಾಗೆ ಕೇಳಿಸುತ್ತದೆ, ಇನ್ನು 15 ಅಂದರೆ ನೀವೇ ಲೆಕ್ಕ ಹಾಕಿ, ಗಣಿತದ ಮೇಷ್ಟ್ರು ನೀವು.

ರ‍್ಯಾಮ್ ಕೂಡ ನೋಡಿ. 6000 ಅಂತ ಬರೆದದ್ದು ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಪ್ಯಾಕೆಟ್ ಮೇಲೆ ಬರೆದ ಸ್ಪೀಡಿಗೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಇದು ಒಂದು ಪೈಸೆ ಖರ್ಚಿಲ್ಲದೆ, ಸದ್ದಿಲ್ಲದೆ ಬರುವ ಸ್ಪೀಡ್.

ಉತ್ತರ 3

ಅಕ್ಕಾ, ನಾನು ಧಾರವಾಡದಲ್ಲಿ ಮನೆಯಲ್ಲೇ ವಾಯ್ಸ್ ರೆಕಾರ್ಡಿಂಗ್ ಮಾಡುತ್ತೇನೆ, ಹಾಗಾಗಿ ಮೈಕಿನ ಕಡೆಯಿಂದ ಹೇಳುತ್ತೇನೆ. ಕ್ಯಾಬಿನೆಟ್ ಮೇಜಿನ ಮೇಲಿದ್ದರೆ ಮೊದಲು ಕೆಳಗಿಳಿಸಿ. ಮೇಜೇ ಡೋಲಿನ ಹಾಗೆ ನಡುಗಿ ಸದ್ದನ್ನು ಮೈಕಿನ ಸ್ಟ್ಯಾಂಡಿಗೆ ಮುಟ್ಟಿಸುತ್ತದೆ. ಕಾರ್ಡಿಯಾಯ್ಡ್ ಮೈಕ್ ಆದರೆ ಅದರ ಬೆನ್ನಿನ ಕಡೆ ಕಿವುಡು, ಆ ಬೆನ್ನು ಕಂಪ್ಯೂಟರ್ ಕಡೆ ಇರಲಿ. ಬಾಯಿಗೂ ಮೈಕಿಗೂ ಒಂದು ಗೇಣು ಸಾಕು. ಹತ್ತಿರ ಬಂದಷ್ಟೂ ಗೇನ್ (ಮೈಕ್ ಸದ್ದನ್ನು ಎಷ್ಟು ಜೋರು ಮಾಡಬೇಕು ಅನ್ನೋದು) ಇಳಿಸಬಹುದು, ಗೇನ್ ಇಳಿದರೆ ಫ್ಯಾನೂ ಇಳಿಯಿತು.

ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಭಾಗ) ಯಾವುದಿದೆ ನೋಡಿ. ಎಕ್ಸ್264 ಇದ್ದರೆ ಪ್ರೊಸೆಸರ್ ಕೋರ್‌ಗಳೇ ದುಡಿಯುತ್ತಿವೆ. ನಿಮ್ಮ ಪ್ರೊಸೆಸರ್‌ನಲ್ಲಿ ಯುಎಚ್‌ಡಿ 770 ಗ್ರಾಫಿಕ್ಸ್ ಇದೆ, ಅದರಲ್ಲಿ ವಿಡಿಯೊಗೆಂದೇ ಕ್ವಿಕ್ ಸಿಂಕ್ ಅನ್ನೋ ಬೇರೆ ಭಾಗವಿದೆ. ಅದನ್ನು ಆರಿಸಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಎಕ್ಸ್‌ಪೋರ್ಟ್ ಮಾಡುವಾಗ ಹಾರ್ಡ್‌ವೇರ್ ಎನ್‌ಕೋಡಿಂಗ್ ಇದ್ದರೆ ಅದನ್ನೇ ಹಾಕಿ. ಫೈಲ್ ಸ್ವಲ್ಪ ದೊಡ್ಡದಾಗಬಹುದು. ಬೋರ್ಡು, ಅಕ್ಷರ, ಲೆಕ್ಕ ಇರುವ ಪಾಠಕ್ಕೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ನಾಯ್ಸ್ ತೆಗೆಯುವ ಫಿಲ್ಟರ್ ಕೊನೆಗೆ ಹಾಕಿ, ಮೊದಲೇ ಅಲ್ಲ. ಸದ್ದು ಜೋರಿದ್ದಾಗ ಫಿಲ್ಟರ್ ಹಾಕಿದರೆ ಪದದ ಕೊನೆಯ ಅಕ್ಷರಗಳನ್ನೂ ತಿಂದುಬಿಡುತ್ತದೆ.

ಒಂದು ಅನುಮಾನ: ಹತ್ತು ಸೆಕೆಂಡಿಗೆ 100 ಡಿಗ್ರಿ ಅಂದರೆ ಕೂಲರ್ ಸರಿಯಾಗಿ ಕೂತಿದೆಯಾ? ಅದಕ್ಕೆ ನಾಲ್ಕು ಮೂಲೆಗೆ ಒತ್ತುವ ಪ್ಲಾಸ್ಟಿಕ್ ಪಿನ್ ಇರುತ್ತವೆ. ಬಸ್ಸಿನಲ್ಲಿ ತಂದಿದ್ದರೆ ಒಂದು ಸಡಿಲವಾಗಿರಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದರಲ್ಲೇ ಕಳೆದೆ. ಧಾರವಾಡದ ತಮ್ಮ ಹೇಳಿದ ಅನುಮಾನವೇ ನಿಜವಾಯಿತು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದರೆ, ಮೂರು ಪಿನ್ ಒಳಗೆ ಹೋಗಿದ್ದವು, ಮೇಲಿನ ಬಲಗಡೆಯದು ಮಾತ್ರ ಕಡ್ಡಿ ಗಾತ್ರ ಎದ್ದು ನಿಂತಿತ್ತು. ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಕುಲುಕಾಡಿ ಬಂದಿತ್ತಲ್ಲ. ನಮ್ಮ ಬೀದಿಯ ರಿಪೇರಿ ಹುಡುಗನನ್ನು ಕರೆಸಿದೆ. ಅವನು ಕೂಲರ್ ತೆಗೆದು, ಶಾಖ ದಾಟಿಸುವ ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಎದುರುಬದುರು ಪಿನ್‌ಗಳನ್ನು ಒತ್ತಿದ. ಪ್ರತಿಯೊಂದೂ ಟಕ್ ಅಂದದ್ದು ನನಗೂ ಕೇಳಿಸಿತು.

ಆಮೇಲೆ ಬಯಾಸ್ ಅಪ್‌ಡೇಟ್ ಮಾಡಿ, ಪಿಎಲ್1, ಪಿಎಲ್2 ಎರಡನ್ನೂ 90ಕ್ಕೆ ಇಟ್ಟೆ, ಕರ್ವ್ ಚಪ್ಪಟೆ ಮಾಡಿದೆ, ಎಕ್ಸ್‌ಎಂಪಿ ಹಾಕಿದೆ. ಕ್ವಿಕ್ ಸಿಂಕ್‌ನಲ್ಲಿ ಅದೇ 20 ನಿಮಿಷದ ಪಾಠ ಮೊದಲಿಗಿಂತಲೂ ಬೇಗ ಮುಗಿಯಿತು, ಅತ್ತೆ ಏಳಲಿಲ್ಲ. ಶಾಖ 78 ದಾಟಲಿಲ್ಲ. ಈಗ ಪುಟ ತೆರೆದರೆ ಏನೂ ಕೇಳಿಸುವುದಿಲ್ಲ.

ಒಂದೇ ಒಂದು ಪ್ರಶ್ನೆ ಉಳಿಯಿತು. ಏಪ್ರಿಲ್, ಮೇನಲ್ಲಿ ನಮ್ಮ ಕೋಣೆ ರಾತ್ರಿಯೂ 36, 37 ಡಿಗ್ರಿ ಇರುತ್ತದೆ, ಎಸಿ ಇಲ್ಲ. ಆಗಲೂ ಹೀಗೇ ಇರುತ್ತದಾ?

ಉತ್ತರ 1ರವರಿಂದ

ಕೋಣೆ 10 ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ 10 ಏರುತ್ತದೆ ಮೇಡಂ. ಅಂದರೆ 88ರ ಆಸುಪಾಸು. ಅಪಾಯವಿಲ್ಲ, ಆದರೆ ಕರ್ವ್‌ನ ಏರು ಭಾಗದ ತುದಿಗೆ ಬರುವುದರಿಂದ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಸದ್ದು ಸ್ವಲ್ಪ ಕೇಳಿಸುತ್ತದೆ. ಬೇಸಿಗೆ ಎರಡು ತಿಂಗಳು ಪಿಎಲ್ 75ಕ್ಕೆ ಇಳಿಸಿ. ಮುಂದೆ ಕೈಯಲ್ಲಿ ದುಡ್ಡು ಬಂದಾಗ 120 ಮಿ.ಮೀ. ಫ್ಯಾನಿನ ಮಾಮೂಲಿ ಟವರ್ ಏರ್ ಕೂಲರ್ ಹಾಕಿಸಿ, ಲಿಕ್ವಿಡ್ ಬೇಡ, ಅದರಲ್ಲಿ ಪಂಪಿನ ಸದ್ದು ಬೇರೆ ಇರುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್ ಒಳಗೆ 160 ಮಿ.ಮೀ. ಎತ್ತರ ಹಿಡಿಯುತ್ತದಾ ಅಂತ ಸ್ಕೇಲ್ ಇಟ್ಟು ನೋಡಿ. ರಾಯಚೂರಿನ ಧೂಳು ಬೇರೆ, ತಿಂಗಳಿಗೊಮ್ಮೆ ಮುಂದಿನ ಜಾಲರಿಯನ್ನು ಬ್ರಷ್‌ನಲ್ಲಿ ಉಜ್ಜಿ.