ಹೊಸ ಡಿಎಂಎಸ್ (ಆರ್ಮಿ ಲೆದರ್) ಬೂಟ್ ಹಿಮ್ಮಡಿ ಕಚ್ಚಾಕತ್ತೈತಿ, ಟ್ರೇನಿಂಗ್‌ಗೆ ಹೋಗೋದ್ರೊಳಗ ಹೆಂಗ ಪಳಗಿಸೋದು?

ಹಾವೇರಿ_ಹುಡುಗ:
ಎಲ್ಲರಿಗೂ ನಮಸ್ಕಾರ್ರೀ. ಅಗ್ನಿವೀರ್‌ಗೆ ಸೆಲೆಕ್ಟ್ ಆಗೇನಿ, ಮುಂದಿನ ತಿಂಗಳು ಬೆಂಗಳೂರು ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ಗೆ ರಿಪೋರ್ಟ್ ಮಾಡ್ಕೋಬೇಕು. ಅಲ್ಲೇ ಬೂಟ್ ಕೊಡ್ತಾರಂತ ಗೊತ್ತೈತಿ, ಆದ್ರೂ ಕಾಲಿಗೆ ರೂಢಿ ಆಗ್ಲಿ ಅಂತ ಒಂದ್ ಜೋಡಿ ಡಿಎಂಎಸ್ ತಂದು ಮುಂಜಾನೆ ಹಾಕ್ಕೊಂಡು ಓಡಾಕತ್ತೇನಿ. ಎರಡೂ ಹಿಮ್ಮಡಿ ಮ್ಯಾಲೆ ಗುಳ್ಳಿ ಎದ್ದಾವ, ಎಡಗಾಲಿಂದು ಒಡದೈತಿ. ದೋಸ್ತರು ಬೂಟ್ ನೀರಾಗ ನೆನೆಸಿ ಹಾಕ್ಕೊಂಡು ತಿರುಗಾಡು ಅಂತಾರ, ಕಾಕಾ ಕೊಬ್ಬರಿ ಎಣ್ಣಿ ಸವರು ಅಂತಾನ. ಯಾವ್ದು ಖರೇ? ಆರ್ಮಿಯಾಗ ಇದ್ದವ್ರು ಹೇಳ್ರಿ ಪ್ಲೀಸ್.

ಮಡಿಕೇರಿ_ಎಕ್ಸ್‌ಸರ್ವಿಸ್‌ಮನ್:
ಮೊದ್ಲು ಕಂಗ್ರಾಟ್ಸ್ ತಮ್ಮಾ. ಈಗ ಆ ಬೂಟಲ್ಲಿ ಓಡೋದು ನಿಲ್ಸು, ಓಟ ಬೇಕಿದ್ರೆ ಪಿಟಿ ಶೂನಲ್ಲಿ ಓಡು. ಬೂಟ್ ಪಳಗೋದು ನಡಿಗೆಯಿಂದ, ಓಟದಿಂದ ಅಲ್ಲ. ಗುಳ್ಳೆ ಆರಿದ ಮೇಲೆ ಮನೆ ಒಳಗೇ ಅರ್ಧ ಗಂಟೆ, ಆಮೇಲೆ ಊರೊಳಗೆ ಸಂಜೆ ವಾಕಿಂಗ್, ಆಮೇಲೆ ಏರು ಇಳಿಜಾರು, ಕೊನೆಗೆ ಸಣ್ಣ ಓಟ, ಹೀಗೆ ಮೆಟ್ಲು ಮೆಟ್ಲಾಗಿ ಹೋಗು. ಬೆರಳು ಮಡಚೋ ಜಾಗದಲ್ಲಿ ಲೆದರ್ ಮೇಲೆ ಅಡ್ಡ ಗೆರೆ ಬೀಳುತ್ತೆ ನೋಡು, ಅದು ನಿನ್ನ ಕಾಲಿನ ಮಡಿಕೆಗೆ ಸರಿಯಾಗಿ ಬಿದ್ರೆ ಬೂಟ್ ನಿಂದಾಯ್ತು ಅಂತ ಲೆಕ್ಕ.

ನೀರಲ್ಲಿ ನೆನೆಸೋದು ಬೇಡವೇ ಬೇಡ. ಎಷ್ಟೋ ಜನ ಹೇಳ್ತಾರೆ, ನೆನೆದಾಗ ಮೆತ್ತಗಾಗೋದೂ ನಿಜ, ಆದ್ರೆ ಬಿಸಿಲಿಗಿಟ್ಟು ಒಣಗಿಸಿದ್ರೆ ಲೆದರ್ ಮೊದಲಿಗಿಂತ ಬಿಗಿ ಆಗಿ ಬಿರುಕು ಬಿಡುತ್ತೆ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಮೆತ್ತಗಾಗುತ್ತೆ, ಆದ್ರೆ ಅದರ ಮೇಲೆ ಪಾಲಿಶ್ ನಿಲ್ಲಲ್ಲ, ಶೈನ್ ಬರಲ್ಲ, ಅಲ್ಲಿ ಉಸ್ತಾದ್, ಅಂದ್ರೆ ಟ್ರೇನಿಂಗ್ ಕೊಡೋರು, ಮೊದ್ಲು ನೋಡೋದೇ ಬೂಟ್. ಹಿಂದುಗಡೆ ಹಿಮ್ಮಡಿ ಹಿಡಿಯೋ ಗಟ್ಟಿ ಭಾಗ ಇದೆಯಲ್ಲ, ಅದನ್ನ ಎರಡು ಹೆಬ್ಬೆರಳಲ್ಲಿ ಒಳಗೂ ಹೊರಗೂ ಒತ್ತಿ ಒತ್ತಿ ಬಗ್ಗಿಸು, ಮೇಲಿನ ಅಂಚನ್ನ ಸ್ಟೀಲ್ ಚಮಚದ ಬೆನ್ನಲ್ಲಿ ಉಜ್ಜು. ಟಿವಿ ನೋಡ್ತಾ ಮಾಡೋ ಕೆಲಸ, ಆದ್ರೆ ಇದ್ರಷ್ಟು ಫಾಯದಾ ಬೇರೆ ಇಲ್ಲ.

ಲೇಸ್ ಬಗ್ಗೆ ಯಾರೂ ಹೇಳಲ್ಲ ಅದಕ್ಕೆ ಹೇಳ್ತಿದೀನಿ. ಬೆರಳ ಕಡೆ ಸಡಿಲ ಇರ್ಲಿ, ಕಣಕಾಲು ಮಡಚೋ ಜಾಗಕ್ಕೆ ಬಂದಾಗ ಹಿಮ್ಮಡಿನ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ ಲೇಸನ್ನ ಎರಡು ಸುತ್ತು ತಿರುಚಿ ಬಿಗಿ, ಆಮೇಲೆ ಮೇಲಕ್ಕೆ ಹೋಗು. ಹೆಜ್ಜೆ ಎತ್ತಿದಾಗ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡಿದ್ರೇನೇ ಗುಳ್ಳೆ ಬರೋದು.

ಮೈಸೂರು_ಸಿಸ್ಟರ್:
ಸರ್ ಹೇಳಿದ್ದು ಸರಿ ಇದೆ, ನಾನು ನರ್ಸ್, ಗಾಯದ ವಿಷಯ ಹೇಳ್ತೀನಿ. ಮೇಲಿನ ಚರ್ಮ ಸಾಕ್ಸಿಗೆ ಅಂಟ್ಕೊಂಡು ನಿಲ್ಲುತ್ತೆ, ಒಳಗೆ ಮೂಳೆ ಜರುಗ್ತಾ ಇರುತ್ತೆ, ಈ ಎಳೆದಾಟದಲ್ಲಿ ಚರ್ಮದ ಪದರ ಮಧ್ಯದಲ್ಲಿ ಬಿಟ್ಟು ನೀರು ತುಂಬ್ಕೊಳ್ಳುತ್ತೆ, ಅದೇ ಗುಳ್ಳೆ. ಬೆವರಿಂದ ಚರ್ಮ ತೇವ ಆದ್ರೆ ಇನ್ನೂ ಜಾಸ್ತಿ ಹಿಡಿಯುತ್ತೆ. ಕಾಟನ್ ಸಾಕ್ಸ್ ಬೇಡ ಅನ್ನೋದು ಅದಕ್ಕೇ, ಒದ್ದೆ ಹಾಗೇ ಉಳಿಸ್ಕೊಳ್ಳುತ್ತೆ. ಅಮೆರಿಕಾದ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿ ಕೆಡೆಟ್‌ಗಳ ಮೇಲಿನ ಸ್ಟಡಿ ಒಂದು 1998ರಲ್ಲಿ ಬಂದಿತ್ತು, ಬೆವರು ತಡೆಯೋ ಔಷಧಿನ ಕೆಲವು ರಾತ್ರಿ ಪಾದಕ್ಕೆ ಹಚ್ಕೊಂಡು 21 ಕಿಮೀ ನಡೆದವರಲ್ಲಿ 21% ಜನಕ್ಕೆ ಗುಳ್ಳೆ, ಔಷಧಿ ಇಲ್ಲದವರಲ್ಲಿ 48%. ಆದ್ರೆ ಹಚ್ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಚರ್ಮ ಉರಿ ತುರಿ ಬಂತು, ಹಾಗಾಗಿ ಡಾಕ್ಟರ್ ಕೇಳದೆ ಅದನ್ನ ಟ್ರೈ ಮಾಡ್ಬೇಡಿ.

ಒಡೆದಿರೋದನ್ನ ಸೋಪು ನೀರಲ್ಲಿ ತೊಳೆದು, ಮೇಲಿನ ಸಿಪ್ಪೆ ಕೀಳದೆ, ಅಂಟದ ಡ್ರೆಸ್ಸಿಂಗ್ ಹಾಕಿ. ಒಡೆಯದ ಗುಳ್ಳೆ ನೋವಿಲ್ಲದಿದ್ರೆ ಮುಟ್ಬೇಡಿ. ಸುತ್ತ ಕೆಂಪು ಹರಡ್ತಿದ್ರೆ, ಕೀವು ಅಥವಾ ಜ್ವರ ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಶುಗರ್ ಇರೋರು ಇದನ್ನ ಓದ್ತಿದ್ರೆ ಗುಳ್ಳೆಗೆ ಮನೆಮದ್ದು ಬೇಡ, ನೇರ ಡಾಕ್ಟರ್ ಹತ್ರ ಹೋಗಿ.

ಎನ್‌ಸಿಸಿ_ಅಕ್ಕ:
ನಮ್ಮ ಕ್ಯಾಂಪಲ್ಲಿ ಎಲ್ಲಾ ಹುಡುಗೀರೂ ಮಾಡೋದು, ಒಳಗೆ ತೆಳು ನೈಲಾನ್ ಸಾಕ್ಸ್, ಹೊರಗೆ ದಪ್ಪ ಉಲನ್ ಸಾಕ್ಸ್. ಜಾರಾಟ ಎರಡು ಸಾಕ್ಸ್ ನಡುವೆ ಆಗುತ್ತೆ, ಚರ್ಮದ ಮೇಲೆ ಬರಲ್ಲ. ಒಳಗಿಂದನ್ನ ಉಲ್ಟಾ ಹಾಕ್ಕೊಳ್ಳಿ, ಬೆರಳ ಹತ್ರ ಹೊಲಿಗೆ ಒತ್ತಲ್ಲ. ಮೆಡಿಕಲ್ ಶಾಪಲ್ಲಿ ಮೈಕ್ರೋಪೋರ್ ಟೇಪ್ ಅಂತ ಸಿಗುತ್ತೆ, ಪೇಪರ್ ಥರ ಇರುತ್ತೆ, ಬೂಟ್ ಹಾಕೋ ಮುಂಚೆನೇ ಹಿಮ್ಮಡಿಗೆ ಸುಕ್ಕಿಲ್ಲದಂಗೆ ಅಂಟಿಸ್ಕೊಳ್ಳಿ, ಗುಳ್ಳೆ ಆದ ಜಾಗಕ್ಕಲ್ಲ, ಗಾಯ ಇಲ್ಲದ ಚರ್ಮಕ್ಕೆ. ನಡೀವಾಗ ಒಂದ್ ಕಡೆ ಬಿಸಿ ಬಿಸಿ ಅನ್ಸಿದ್ರೆ ಅಲ್ಲೇ ನಿಂತು ಸಾಕ್ಸ್ ಎಳೆದು ಸರಿ ಮಾಡ್ಕೊಳ್ಳಿ, ಅದೇ ಗುಳ್ಳೆಯ ಶುರು.

ಹಾವೇರಿ_ಹುಡುಗ:
ಭಾಳ ಥ್ಯಾಂಕ್ಸ್ರೀ ಎಲ್ಲರಿಗೂ. ಅಣ್ಣಾ ಒಂದ್ ಡೌಟ್, ಅಲ್ಲಿ ಹೊಸಾ ಬೂಟ್ ಕೊಟ್ಟ ಮ್ಯಾಲೆ ಮತ್ತ ಗುಳ್ಳಿ ಎದ್ರ ಉಸ್ತಾದ್‌ಗೆ ಹೇಳ್ಬೇಕೋ ಬ್ಯಾಡೋ? ಬೈತಾರಂತ ಅಂಜಿಕಿ.

ಮಡಿಕೇರಿ_ಎಕ್ಸ್‌ಸರ್ವಿಸ್‌ಮನ್:
ಹೇಳು ತಮ್ಮಾ, ಮುಚ್ಚಿಡ್ಬೇಡ. ಅಲ್ಲಿ ಎಂಐ ರೂಮ್ (ಮೆಡಿಕಲ್ ಇನ್‌ಸ್ಪೆಕ್ಷನ್ ರೂಮ್) ಇರೋದೇ ಅದಕ್ಕೆ. ಗುಳ್ಳೆ ಚಿಕ್ಕದಿದ್ದಾಗ ಡ್ರೆಸ್ಸಿಂಗ್ ಮಾಡಿ ಕಳಿಸ್ತಾರೆ, ಕೀವಾಗಿ ಕಾಲು ಊದಿ ಟ್ರೇನಿಂಗ್ ಮಿಸ್ ಆದ್ರೆ ನಿನ್ನ ಬ್ಯಾಚ್ ಮುಂದೆ ಹೋಗಿ ನೀನು ಹಿಂದೆ ಉಳೀತೀಯ, ಬೈಗುಳ ಅದಕ್ಕಿಂತ ಎಷ್ಟೋ ವಾಸಿ. ಬೂಟ್ ಇಶ್ಯೂ ಮಾಡುವಾಗ ದಪ್ಪ ಸಾಕ್ಸ್ ಹಾಕ್ಕೊಂಡೇ ಸೈಜ್ ನೋಡು, ಬೆರಳು ಮುಂದಕ್ಕೆ ತಳ್ಳಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಹೋಗ್ಬೇಕು. ಬಿಗಿ ಅನ್ಸಿದ್ರೆ ಅಲ್ಲೇ ಬದಲಾಯಿಸ್ಕೋ, ಪಾಲಿಶ್ ಹಾಕಿದ್ಮೇಲೆ ಕೇಳಿದ್ರೆ ಕಷ್ಟ. ಟ್ರಂಕಲ್ಲಿ ಟೇಪ್, ಮೂರ್ನಾಲ್ಕು ಜೊತೆ ಸಾಕ್ಸ್, ನೈಲ್ ಕಟರ್ ಇಟ್ಕೋ, ಉಗುರು ನೇರಕ್ಕೆ ಕತ್ತರಿಸು, ಅಂಚು ಒಳಗೆ ಹೊಕ್ಕೋ ಹಾಗೆ ಕತ್ತರಿಸ್ಬೇಡ.