ಬಡಾವಣೆಯ ಬೇಸಿಗೆ ಉತ್ಸವ: ಮಾಡಿ ನೋಡಿದವರು ದಯವಿಟ್ಟು ತಿಳಿಸಿರಿ

ಕೋರಿಕೆ (ವಿದ್ಯಾನಗರ, ಹುಬ್ಬಳ್ಳಿ): ಮೇ ತಿಂಗಳಲ್ಲಿ ನಮ್ಮ ಬಡಾವಣೆಯ ಉದ್ಯಾನದಲ್ಲಿ ಮೂರು ಸಂಜೆಗಳ ಕಲಾ ಉತ್ಸವ ನಡೆಸಬೇಕೆಂದು ಮಹಿಳಾ ಮಂಡಳದವರು ನಿಶ್ಚಯಿಸಿದ್ದೇವೆ. ಸಂಗೀತ, ಜಾನಪದ ಮೇಳ, ಮಕ್ಕಳ ನಾಟಕ, ತಿನಿಸಿನ ಮಳಿಗೆ ಎಲ್ಲವೂ ಇರಲೆಂಬ ಆಸೆಯಿದೆ. ಕೈಯಲ್ಲಿರುವುದು ಮನೆಮನೆಯ ವಂತಿಗೆ ಮಾತ್ರ. ಇಂಥದನ್ನು ಮಾಡಿದವರು ಎಲ್ಲಿ ಎಡವಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಸಪ್ತಾಪುರ, ಧಾರವಾಡ: ಅಕ್ಕಾವರೇ, ಮೊದಲು ಮಳೆಯ ಲೆಕ್ಕ ಹಾಕಿರಿ. ನಮ್ಮ ಕಡೆ ಮೇ ತಿಂಗಳಲ್ಲಿ ದಿನವಿಡೀ ಕಾದ ನೆಲ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿಸುತ್ತದೆ. ನಾಲ್ಕರಿಂದ ಆರರೊಳಗೆ ಗಾಳಿ, ಗುಡುಗು, ಅಡ್ಡಮಳೆ ಎಲ್ಲವೂ ಒಟ್ಟಿಗೇ ಬಂದುಬಿಡುತ್ತವೆ. ಮೊದಲ ವರ್ಷ ನಾವು ಮುಖ್ಯ ಅತಿಥಿಗಳ ಅನುಕೂಲ ನೋಡಿ ಐದು ಗಂಟೆಗೆ ಆರಂಭಿಸಿದೆವು. ತಾಡಪತ್ರಿಯನ್ನು ಮಟ್ಟಸವಾಗಿ ಕಟ್ಟಿದ್ದರಿಂದ ನಡುವೆ ನೀರು ನಿಂತು ಜೋತುಬಿದ್ದು, ಸ್ವಾಗತ ಭಾಷಣ ಮುಗಿಯುವುದರೊಳಗೆ ಹಾರ್ಮೋನಿಯಂ ಮೇಲೆಯೇ ಸುರಿಯಿತು. ಮರುವರ್ಷ ಒಂದು ಮಗ್ಗುಲಿಗೆ ಇಳಿಜಾರು ಕೊಟ್ಟು ಕಟ್ಟಿಸಿ, ಧ್ವನಿವರ್ಧಕದ ಪೆಟ್ಟಿಗೆಗಳನ್ನು ಆರರ ನಂತರವೇ ಹೊರಗೆ ತೆಗೆಸಿ, ಆರೂವರೆಗೆ ಆರಂಭಿಸಿದೆವು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಹಚ್ಚುವಂತಿಲ್ಲವಾದ್ದರಿಂದ ನಿಮಗೆ ದೊರೆಯುವುದು ಮೂರೂವರೆ ಗಂಟೆ ಮಾತ್ರ. ಅದರಲ್ಲಿ ಒಂದು ಗಂಟೆಯನ್ನು ಸನ್ಮಾನಗಳು ನುಂಗಬಾರದು. ನನ್ನನ್ನು ಕೇಳಿದರೆ ಶಾಲು, ಹಣ್ಣಿನ ಬುಟ್ಟಿಗಳನ್ನೇ ಕೈಬಿಡಿರಿ, ಆ ಹಣದಲ್ಲಿ ಇನ್ನೊಂದು ಮೇಳದ ಗಾಡಿ ಬಾಡಿಗೆ ಕೊಡಬಹುದು.

ಗದಗ: ನಾವು ಪ್ರತಿ ವರ್ಷ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳನ್ನು ಕರೆಯುತ್ತೇವೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿದವರಾದ್ದರಿಂದ, ಆ ಪರಂಪರೆಯವರಿಗೆ ವಚನ ಗಾಯನವೂ ರಂಗಗೀತೆಯೂ ಸಮಾನವಾಗಿ ಒಲಿದಿರುತ್ತವೆ. ಕಛೇರಿಗೆ ಹೊಸಬರಾದ ಕೇಳುಗರು ಕುಳಿತಲ್ಲಿಂದ ಏಳುವುದಿಲ್ಲ. ಆ ಗವಾಯಿಗಳಲ್ಲಿ ಅನೇಕರಿಗೆ ದೃಷ್ಟಿಯಿಲ್ಲ. ಒಮ್ಮೆ ನಮ್ಮ ವೇದಿಕೆಯ ಮೆಟ್ಟಿಲಿಗೆ ಹಿಡಿಕೆಯಿರಲಿಲ್ಲ, ನೆಲದ ತುಂಬ ವಾಯರು ಹರಡಿತ್ತು. ಹಿರಿಯ ಗಾಯಕರೊಬ್ಬರು ಎಡವಿದರು, ಬೀಳಲಿಲ್ಲ. ಅಂದಿನಿಂದ ಬಸ್ ನಿಲ್ದಾಣದಿಂದ ಮರಳಿ ಬಸ್ ಹತ್ತಿಸುವವರೆಗೆ ಒಬ್ಬ ಹುಡುಗನನ್ನು ಅವರ ಜೊತೆಗೇ ಬಿಡುತ್ತೇವೆ, ಸಂಭಾವನೆಯನ್ನು ಹಾಡುವ ಮೊದಲೇ ಎಣಿಸಿ ಕೈಗೆ ಕೊಡುತ್ತೇವೆ. ಸೆಕೆಯೆಂದು ಗಾಯಕರ ಎದುರು ದೊಡ್ಡ ಫ್ಯಾನ್ ಇಡಬೇಡಿರಿ. ಮೈಕಿನಲ್ಲಿ ಗಾಳಿಯ ಸದ್ದೇ ಕೇಳುತ್ತದೆ, ಶ್ರುತಿ ಮಾಡಿಟ್ಟ ತಂಬೂರಿಯೂ ಕದಲುತ್ತದೆ.

ಹಳೇ ಹುಬ್ಬಳ್ಳಿ: ಜಗ್ಗಲಿಗೆ ಮೇಳ ಕರೆಯುವುದಾದರೆ ಒಂದು ಮಾತು. ಚಕ್ಕಡಿ ಗಾಲಿಯ ಕಬ್ಬಿಣದ ಹಳಿಗೆ ಚರ್ಮ ಬಿಗಿದ ವಾದ್ಯವದು. ತಂಪು ಹವೆಗೆ ಚರ್ಮ ಸಡಿಲಾಗುತ್ತದೆ. ಮಳೆ ನಿಂತ ಮೇಲೆ ನಮ್ಮಲ್ಲಿಗೆ ಬಂದ ಮೇಳದವರು ಹುಲ್ಲಿಗೆ ಬೆಂಕಿ ಹಚ್ಚಿ, ಜಗ್ಗಲಿಗೆಯನ್ನು ಹೊರಳಿಸುತ್ತ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸತೊಡಗಿದರು; ಶಾಮಿಯಾನದವನು ಬಟ್ಟೆ ಸುಟ್ಟೀತೆಂದು ಓಡಿಬಂದು ಜಗಳಕ್ಕೇ ನಿಂತ. ಅವರಿಗೆ ಪೆಂಡಾಲಿನಿಂದ ದೂರ ಒಂದು ಮೂಲೆ ಮತ್ತು ಎರಡು ಕೊಡ ನೀರು ಮೊದಲೇ ಇಡಿರಿ. ಅವರನ್ನು ವೇದಿಕೆಗೆ ಹತ್ತಿಸುವುದೂ ಬೇಡ, ಓಣಿಯೊಳಗೆ ಬಾರಿಸುತ್ತ ಬರಲಿ. ಕರಪತ್ರಕ್ಕಿಂತ ಹೆಚ್ಚು ಜನ ಆ ಸದ್ದಿಗೆ ಹೊರಬರುತ್ತಾರೆ.

ಮಾಳಮಡ್ಡಿ, ಧಾರವಾಡ: ಇಷ್ಟೆಲ್ಲ ರಗಳೆಗಿಂತ ಸಭಾಭವನ ಹಿಡಿಯುವುದು ಲೇಸೆಂದು ನಾನು ಒಮ್ಮೆ ಹಟ ಮಾಡಿ ಹಿಡಿಸಿದ್ದೆ. ಮಳೆಯ ಚಿಂತೆ ತಪ್ಪಿತು, ನಿಜ. ಆದರೆ ಕಾಯಂ ಬರುವವರು ಬಂದರೇ ಹೊರತು, ಸಂತೆ ಚೀಲ ಹಿಡಿದು ನಿಂತು ಕೇಳಿ ಹೋಗುವ ಜನ ಒಳಗೆ ಕಾಲಿಡಲಿಲ್ಲ. ಉದ್ಯಾನವೇ ಇರಲಿ, ಪಕ್ಕದ ಶಾಲೆಯ ಒಂದು ಕೋಣೆಯ ಕೀಲಿ ಮಾತ್ರ ಕೈಯಲ್ಲಿರಲಿ. ಇನ್ನೊಂದು, ನಿಮ್ಮ ಓಣಿಗೆ ನಳದ ನೀರು ಬರುವ ದಿನ ಯಾವುದೆಂದು ನೋಡಿಕೊಂಡು ದಿನಾಂಕ ಗೊತ್ತುಮಾಡಿರಿ. ಆ ಸಂಜೆ ಯಾವ ಮನೆಯವರೂ ಕೊಡ ಬಿಟ್ಟು ಹಾಡು ಕೇಳಲು ಬರುವುದಿಲ್ಲ.

ಹಾವೇರಿ: ಗಿರ್ಮಿಟ್ ಮಳಿಗೆಗೆ ನನ್ನದೊಂದು ಸಲಹೆ: ಮೊದಲೇ ಕಲಸಿಡಬೇಡಿರಿ, ಚುರಮುರಿ ಮೆತ್ತಗಾಗುತ್ತದೆ. ಮಿರ್ಚಿಯ ಒಲೆ ಮಕ್ಕಳ ನಾಟಕದ ಹತ್ತಿರ ಬೇಡ. ಕಾರದ ಹೊಗೆಗೆ ನಮ್ಮ ಕಿತ್ತೂರು ಚೆನ್ನಮ್ಮ ಕೆಮ್ಮುತ್ತಲೇ ಯುದ್ಧ ಸಾರಿದಳು.

ಕೋರಿಕೆಯವರು: ಎಲ್ಲರಿಗೂ ವಂದನೆಗಳು. ಲೆಕ್ಕ ಹಾಕಿ ನೋಡಿದೆವು, ನಮ್ಮ ನೀರಿನ ಸರದಿ ಸರಿಯಾಗಿ ಎರಡನೆಯ ಸಂಜೆಗೇ ಬೀಳುತ್ತದೆ. ಉತ್ಸವವನ್ನು ಎರಡು ದಿನ ಮುಂದೂಡಿ, ಮೇಳದವರಿಗೆ ಇಂದೇ ಫೋನ್ ಮಾಡುತ್ತಿದ್ದೇವೆ.